ನಲವತ್ತಾರನೇ ಮೊಳೆ

ಓದುಗರು ಕ್ಷಮಿಸಬೇಕು. ಹಗಲು ಅಚ್ಚುಕೂಟದಲ್ಲಿ ಕರಡು ತಿದ್ದುತ್ತ, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಹೇಗೋ ಪದವಿ ಮುಗಿಸಿದವನು ನಾನು. ಹದಿನೇಳು ಜನ ಮಣ್ಣಾದ ಗಣಿಯ ಕಥೆಯನ್ನು ಗಣಿಯವರೇ ಹೇಳಬೇಕು. ನಾನು ಆ ಕತ್ತಲೆಗೆ ಒಂದು ಮೆಟ್ಟಿಲೂ ಇಳಿದವನಲ್ಲ. ಆದರೆ ಮೊನ್ನೆ ಬುಧವಾರ ನಡೆದದ್ದನ್ನು ಕಣ್ಣಾರೆ ಕಂಡವರಲ್ಲಿ ಬರೆದಿಡುವ ಅಭ್ಯಾಸ ಇದ್ದವನು ನಾನೊಬ್ಬನೇ. ತಪ್ಪು ಕಂಡರೆ ನನ್ನದೆಂದು ತಿಳಿಯಿರಿ.

"ಸರ್, ಇದೇನಿದು?" ಎಂದಳು ಕಂಡಕ್ಟರ್.

ಮುಚ್ಚಿದ ಗಣಿಯ ಕಚೇರಿಯಲ್ಲಿ ನಾವಿಬ್ಬರೂ ದೀಪದ ಮನೆಯ ಹಾಜರಿ ಪುಸ್ತಕದ ಮುಂದೆ ಕೂತು ಅದು ನಾಲ್ಕನೇ ದಿನ. ಅವಳ ಬೆರಳು ಐವತ್ತೆರಡು ವರ್ಷ ಹಳೆಯ ಪುಟವೊಂದರ ನಡುವೆ ನಿಂತಿತ್ತು. ಚಾವಣಿ ಕುಸಿದ ದಿನದ ಪುಟ.

"ನಲವತ್ತಾರು," ಎಂದೆ. "ತೀರಿಹೋದವರ ಪಟ್ಟಿಯಲ್ಲಿ ನಾಲ್ಕನೇ ಹೆಸರು. ಆಗಲೇ ನೋಡಿದೀವಲ್ಲ?"

"ಹೆಸರು ನೋಡಿದೀವಿ. ಇದನ್ನ ನೋಡಿಲ್ಲ. ಹಿಂದಿನ ದಿನ ನಲವತ್ತಾರರ ಮುಂದೆ ಸಹಿ ಇದೆ. ಅದರ ಹಿಂದಿನ ದಿನಾನೂ ಸಹಿ. ಇಡೀ ತಿಂಗಳು ತಿರುವಿ ಹಾಕ್ದೆ, ಎಲ್ಲಾ ಸಹಿನೇ. ಆ ದಿನ ಮಾತ್ರ ಹೆಬ್ಬೆಟ್ಟು."

ನನ್ನ ಕಿವಿ ಬಿಸಿಯಾಯಿತು. ಆ ಪುಟವನ್ನು ನಾನು ಹತ್ತು ಸಲವಾದರೂ ಓದಿದ್ದೆ. ಹೆಸರು ಓದಿದ್ದೆ, ಸಂಖ್ಯೆ ಓದಿದ್ದೆ, ಗುಮಾಸ್ತನ ಕಾಗುಣಿತವನ್ನು ಮನಸ್ಸಿನಲ್ಲೇ ತಿದ್ದಿದ್ದೆ. ಕೊನೆಯ ಕಾಲಂ ಕಡೆ ಕಣ್ಣೇ ಹೋಗಿರಲಿಲ್ಲ. ಕರಡು ತಿದ್ದುವವನಿಗೆ ಅಕ್ಷರವಲ್ಲದ್ದೆಲ್ಲ ಬರೀ ಕಲೆ.

"ನಿಮಗೆ ಹೇಗೆ ಕಾಣಿಸ್ತು?"

"ದಿನಾ ಬಸ್ಸಲ್ಲಿ ನೂರಾರು ಪಾಸ್ ನೋಡ್ತೀನಿ ಸರ್. ಪಾಸ್ ಮೇಲಿನ ಹೆಸರು ಯಾವ ಕಂಡಕ್ಟರ್ ಓದ್ತಾಳೆ? ಮುಖ ಹೊಂದುತ್ತೋ ಇಲ್ವೋ ಅಷ್ಟೇ."

ಅವಳ ತಾತ ಗಣಿಯೊಳಗೆ ಚಾವಣಿಗೆ ಮರದ ಆಸರೆ ಕಂಬ ನಿಲ್ಲಿಸುತ್ತಿದ್ದವನು. ಅವನ ಹಿತ್ತಾಳೆ ಬಿಲ್ಲೆಯ ಸಂಖ್ಯೆ ಎಪ್ಪತ್ತೊಂದು. ಆ ಗಣಿಯ ಲೆಕ್ಕ ಸರಳ: ದೀಪದ ಮನೆಯ ಗೋಡೆಯಲ್ಲಿ ಒಬ್ಬೊಬ್ಬನಿಗೂ ಒಂದೊಂದು ಮೊಳೆ, ಮೊಳೆಗೊಂದು ಬಿಲ್ಲೆ. ಕೆಳಗೆ ಇಳಿಯುವವನು ಪುಸ್ತಕದಲ್ಲಿ ಗುರುತು ಹಾಕಿ, ದೀಪ ತೆಗೆದುಕೊಂಡು, ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಹೋಗುತ್ತಾನೆ. ಮೇಲೆ ಬಂದಾಗ ಮತ್ತೆ ಮೊಳೆಗೆ ನೇತು ಹಾಕುತ್ತಾನೆ. ಮೊಳೆ ಖಾಲಿ ಇದ್ದರೆ ಆಸಾಮಿ ಒಳಗಿದ್ದಾನೆ ಎಂದರ್ಥ.

ಕುಸಿತದ ದಿನ ಎಪ್ಪತ್ತೊಂದಕ್ಕೆ ವಾರದ ರಜೆ. ಬಿಲ್ಲೆ ಮೊಳೆಯ ಮೇಲೇ ಇತ್ತು. ಆದರೆ ಅಂದಿನಿಂದ ಅವನು ಯಾರ ಕಣ್ಣಿಗೂ ಬೀಳಲಿಲ್ಲ. ಊರಿಗೆ ಅಷ್ಟು ಸಾಕಾಯಿತು. ಕಂಬ ಸರಿಯಾಗಿ ಕೊಡಲಿಲ್ಲ, ಹದಿನೇಳು ಜನರನ್ನು ಬಲಿ ಕೊಟ್ಟು ತಲೆ ಮರೆಸಿಕೊಂಡ ಎಂದು ಮಾತಾಯಿತು. ಆಗ ಇನ್ನೂ ಹೊಟ್ಟೆಯಲ್ಲಿದ್ದ ಮಗಳು, ಅಂದರೆ ಕಂಡಕ್ಟರ್‌ನ ತಾಯಿ, 'ಓಡಿಹೋದವನ ಮಗಳು' ಎಂದೇ ಬೆಳೆದು, ಹೊಲಿಗೆ ಯಂತ್ರ ತುಳಿದು, ಮಗಳನ್ನು ಸಾಕಿದವರು.

ಶುಕ್ರವಾರ ಗಣಿಯ ಬಾಯಿಗೆ ಕಾಂಕ್ರೀಟ್ ಸುರಿಯುವವರಿದ್ದರು. ಅದರ ಎದುರು ಸತ್ತವರ ಹೆಸರಿನ ಕಲ್ಲು ನಿಲ್ಲಬೇಕು. ಹೆಸರುಗಳ ಕರಡು ತಿದ್ದಲು ನನ್ನನ್ನು ಕರೆಸಿದ್ದ, ಕಲ್ಲಿನ ಸಮಿತಿ ನಡೆಸುತ್ತಿದ್ದ ಮೇಷ್ಟ್ರು ಖಂಡಿತವಾಗಿ ಹೇಳಿದ್ದರು: ಎಪ್ಪತ್ತೊಂದು ಸತ್ತದ್ದಕ್ಕೆ ಬುಧವಾರ ಸಂಜೆ ಐದರೊಳಗೆ ಪುರಾವೆ ಬಂದರೆ ಅವನ ಹೆಸರೂ ಸೇರುತ್ತದೆ, ಬಾರದಿದ್ದರೆ ಕಲ್ಲುಕುಟಿಗ ಉಳಿ ಕಟ್ಟಿಟ್ಟು ಮನೆಗೆ ಹೋಗುತ್ತಾನೆ.

ಆ ಮೇಷ್ಟ್ರು ಹೊರಗಿನವರಲ್ಲ. ಬಿಲ್ಲೆ ನಲವತ್ತಾರರ ಮಗ. ಅವರ ತಾಯಿ ಅಕ್ಕ, ಕಂಡಕ್ಟರ್‌ನ ಅಜ್ಜಿ ತಂಗಿ, ಗಂಡಂದಿರಿಬ್ಬರೂ ಷಡ್ಡಕರು. ಕುಸಿತದ ಮಾರನೆಯ ದಿನದಿಂದ ಅಕ್ಕ ತಂಗಿಯ ಹೊಸಿಲು ತುಳಿಯಲಿಲ್ಲ. ಈಗ ಇಬ್ಬರೂ ಇಲ್ಲ.

ಕಂಡಕ್ಟರ್ ತನ್ನ ಚರ್ಮದ ಚೀಲದಿಂದ ಒಂದು ಮಡಿಸಿದ ಕಾಗದ ತೆಗೆದಳು. ತಾತನಿಗೆ ಗಣಿಯ ಲೈನಿನಲ್ಲಿ, ಅಂದರೆ ಕಾರ್ಮಿಕರ ಮನೆಸಾಲಿನಲ್ಲಿ, ಮನೆ ಕೊಟ್ಟಾಗಿನ ಪತ್ರ. ಅಡಿಯಲ್ಲಿ ಅವನ ಹೆಬ್ಬೆಟ್ಟು. ಅದರ ನಡುವೆ ಓರೆಯಾಗಿ ಒಂದು ಬಿಳಿಯ ಗೆರೆ. ಎಂದೋ ಕೊಯ್ದುಕೊಂಡ ಗಾಯ. ಅಷ್ಟು ಜಾಗಕ್ಕೆ ಶಾಯಿ ಹತ್ತಿರಲಿಲ್ಲ.

ನಾನು ಭೂತಗನ್ನಡಿ ಹಿಡಿದೆ. ಪುಸ್ತಕ ನೋಡಿದೆ, ಪತ್ರ ನೋಡಿದೆ. ಮತ್ತೆ ಪುಸ್ತಕ. ಎರಡರಲ್ಲೂ ಓರೆ ಗೆರೆ. ಎರಡರಲ್ಲೂ ಗೆರೆಯ ಕೆಳತುದಿ ಕವಲೊಡೆದಿತ್ತು.

"ಹೇಳಿ ಸರ್."

"ಇನ್ನೊಂದು ಸಲ ನೋಡ್ತೀನಿ."

"ಐದು ಸಲ ನೋಡಿದ್ರಿ! ಅದೇನು ಬೆಳೆಯುತ್ತಾ?"

"ಅದೇ ಬೆರಳು," ಎಂದೆ. "ಆ ದಿನ ನಲವತ್ತಾರರ ಬಿಲ್ಲೆ ಹಾಕ್ಕೊಂಡು ಇಳಿದಿದ್ದು ನಿಮ್ಮ ತಾತ."

ಅವಳು ಅಳಲಿಲ್ಲ. ಪುಟದ ಫೋಟೋ ತೆಗೆದು, ಪತ್ರ ಮಡಿಸಿ ಚೀಲಕ್ಕೆ ಹಾಕಿ, ಚೀಲವನ್ನು ಹೆಗಲಿಗೇರಿಸಿದಳು. "ಹನ್ನೊಂದೂವರೆ. ಆ ದಿನ ಶಾಯಿ ಪ್ಯಾಡ್ ಹಿಡ್ಕೊಂಡು ಕೂತಿದ್ದೋರು ಇನ್ನೂ ಬದುಕಿದಾರೆ. ನಡೀರಿ."

* * *

ದೀಪದ ಮನೆ ನೋಡಿಕೊಳ್ಳುತ್ತಿದ್ದವರನ್ನು ಈಗಲೂ ಎಲ್ಲರೂ ದೀಪದ ತಾತ ಎಂದೇ ಕರೆಯುತ್ತಾರೆ. ವಯಸ್ಸು ಎಂಬತ್ತರ ಹತ್ತಿರ. ಲೈನಿನ ಕೊನೆಯ ಮನೆ. ಮುಂದಿನ ಕೋಣೆಯೇ ಸ್ಟೌ ರಿಪೇರಿ ಅಂಗಡಿ. ನೆಲದ ತುಂಬ ಬರ್ನರ್‌ಗಳು, ವಾಷರ್‌ಗಳು, ಬತ್ತಿಯ ಸುರುಳಿಗಳು. ಸೀಮೆಎಣ್ಣೆಯ ವಾಸನೆ ಗೋಡೆಗೇ ಅಂಟಿತ್ತು.

"ಸ್ಟೌ ತಂದ್ರಾ?" ಎಂದರು ತಲೆ ಎತ್ತದೆ.

"ಪ್ರಶ್ನೆ ತಂದಿದೀವಿ ತಾತ," ಎಂದಳು ಕಂಡಕ್ಟರ್.

"ಅದನ್ನ ರಿಪೇರಿ ಮಾಡೋದು ಬಿಟ್ಟು ಬಹಳ ವರ್ಷ ಆಯ್ತಮ್ಮ. ಮುಂದಿನ ಅಂಗಡಿ ನೋಡು."

ಅವಳು ಅವರ ಎದುರು ನೆಲದ ಮೇಲೇ ಕೂತು ಫೋನ್ ಹಿಡಿದಳು. ಫೋಟೋ ದೊಡ್ಡದು ಮಾಡಿದಳು. ತಾತನ ಕೈಯಲ್ಲಿದ್ದ ಸ್ಟೌ ಪಿನ್ನು ನಿಂತಿತು.

"ಇದು ಯಾರ ಹೆಬ್ಬೆಟ್ಟು?"

"ನನಗೆ ಕಣ್ಣು ಕಾಣಲ್ಲ."

"ಸೂಜಿ ಕಣ್ಣಿನ ಬರ್ನರ್ ತೂತಿಗೆ ಪಿನ್ನು ಹಾಕ್ತಿದೀರ, ಹೆಬ್ಬೆಟ್ಟು ಕಾಣಲ್ವಾ?"

ನಾನು ನಡುವೆ ಬಾಯಿ ಹಾಕಿ, "ತಾತ, ಯಾರ ಮೇಲೂ ದೂರು ಕೊಡೋಕೆ ಬಂದಿಲ್ಲ," ಎಂದೆ. ಅದು ಎಷ್ಟು ನಿಜವೋ ನನಗೂ ಖಾತ್ರಿ ಇರಲಿಲ್ಲ.

"ನೀನು ಯಾರಪ್ಪ?"

"ಕರಡು ತಿದ್ದೋನು."

"ಹಾಗಾದ್ರೆ ತಿದ್ದು. ನಾನು ಬರೆದ ಪಟ್ಟಿ ತಪ್ಪು ಅಂತ ತಾನೇ ನೀವು ಬಂದಿರೋದು?"

ಅವರು ಪಿನ್ನನ್ನು ಪಕ್ಕಕ್ಕಿಟ್ಟು, ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒಂದೊಂದೇ ಬೆರಳು.

"ಬಿಲ್ಲೆ ಎರವಲು ಅಂತಿದ್ವಿ," ಎಂದರು. "ಹೇಳದೆ ಕೇಳದೆ ಒಂದು ದಿನ ತಪ್ಪಿಸಿದ್ರೆ ನಂಬರ್ ಹೊಡೆದುಹಾಕೋರು. ಮನೇಲಿ ಹೆರಿಗೆನೋ, ಕಾಯಿಲೆನೋ ಇದ್ರೆ ಏನ್ ಮಾಡ್ಬೇಕು? ರಜೆ ಇದ್ದೋನು ಅವನ ಬಿಲ್ಲೆ ಹಾಕ್ಕೊಂಡು ಇಳಿಯೋನು. ಭಾವನಿಗೆ ಭಾಮೈದ, ಷಡ್ಡಕನಿಗೆ ಷಡ್ಡಕ. ಎಲ್ಲರಿಗೂ ಗೊತ್ತು, ಮೇಲಿನೋರಿಗೆ ಬಿಟ್ಟು. ನಾನು ಕಣ್ಣು ಮುಚ್ಕೋತಿದ್ದೆ. ಆ ದಿನ ನಲವತ್ತಾರರ ಹೆಂಡತಿಗೆ ಬೆಳಗಿನ ಜಾವದಿಂದ ನೋವು. ಇವಳ ತಾತ ಬಂದ."

"ಸಹಿ ಇರಬೇಕಾದ ಕಡೆ ಹೆಬ್ಬೆಟ್ಟು ಯಾಕೆ ಒತ್ತಿಸ್ಕೊಂಡ್ರಿ?" ಎಂದು ಕೇಳಿದೆ.

"ನಾನೆಲ್ಲಿ ಒತ್ತಿಸ್ಕೊಂಡೆ! ಅವನ ಸಹಿ ಹಂಗೇ ಗೀಚು ಮಾರಾಯಾ ಅಂದೆ. 'ಅವನ ಬಿಲ್ಲೆ ಹಾಕ್ಕೋತೀನಿ, ಅವನ ಕೈ ಹಾಕ್ಕೊಳ್ಳೋಕಾಗಲ್ಲ' ಅಂದ. ಒತ್ತಿದ. ದೀಪ ತಗೊಂಡ. ಹೋದ."

ಕಂಡಕ್ಟರ್ ಫೋನನ್ನು ಕೆಳಗಿಟ್ಟಳು. ಅವಳ ತಾತ ಆಡಿದ ಮಾತೊಂದು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

"ಮಧ್ಯಾಹ್ನ ಕುಸೀತು. ಖಾಲಿ ಮೊಳೆ ಎಣಿಸಿ ಪಟ್ಟಿ ಕೊಡು ಅಂದ್ರು. ಹದಿನೇಳು. ಹನ್ನೊಂದು ಹೆಣ ಸಿಕ್ಕವು, ಆರು ಸಿಗಲಿಲ್ಲ. ಸಿಗದ ಆರರಲ್ಲಿ ನಲವತ್ತಾರೂ ಒಂದು."

"ನಲವತ್ತಾರು ನಿಜವಾಗ್ಲೂ ಎಲ್ಲಿದ್ರು?"

"ಕಚೇರಿ ಮುಂದೆ. ಎಲ್ಲರ ಹಿಂದೆ. ಸೈರನ್ ಕೇಳಿ ಹೆರಿಗೆ ಮನೆಯಿಂದ ಓಡಿ ಬಂದಿದ್ದ. ಪಟ್ಟಿ ಓದ್ತಿದ್ರು. ತನ್ನ ಸಾವು ತಾನೇ ನಿಂತು ಕೇಳಿಸ್ಕೊಂಡ. ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ಮತ್ತೆ ಎತ್ತೋ ಹೊತ್ತಿಗೆ ಅವನಿಲ್ಲ. ಹೇಳಿದ್ರೆ ನಮ್ಮಿಬ್ಬರ ಕೆಲಸಾನೂ ಹೋಗ್ತಿತ್ತು, ಆಮೇಲೆ ಪರಿಹಾರ ಅಂತ ಅವನ ಹೆಂಡತಿಗೆ ಕೊಟ್ಟ ಆಸ್ಪತ್ರೆ ಕೆಲಸಾನೂ ಹೋಗ್ತಿತ್ತು. ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ."

"ನಮ್ಮಜ್ಜಿ ನಿಮ್ಮ ಹತ್ರ ಬಂದಿದ್ರಾ?"

ತಾತ ಬತ್ತಿಯ ಸುರುಳಿಯನ್ನು ಬೆರಳಿಗೆ ಸುತ್ತತೊಡಗಿದರು.

"ಬಂದಿದ್ರಾ?"

"ಮೂರು ಸಲ. ಏಳು ತಿಂಗಳ ಬಸುರಿ. 'ಅಣ್ಣಾ, ನನ್ನ ಗಂಡ ಕೆಳಗೆ ಹೋದ್ನಾ ಹೇಳು, ಅಷ್ಟೇ ಸಾಕು' ಅಂದ್ಲು. ಅವನ ಬಿಲ್ಲೆ ಮೊಳೆ ಮೇಲಿದೆ ತಾಯಿ ಅಂದೆ. ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳು ನನ್ನ ಬಾಯಲ್ಲಿ ಬಂದಿಲ್ಲ."

ಅವಳು ಎದ್ದು ಬಾಗಿಲಿಗೆ ಹೋಗಿ, ಬೆನ್ನು ತಿರುಗಿಸಿ ನಿಂತಳು. ನಾನು ಸುಮ್ಮನಿರಲಾಗದೆ ಕಾಗದ ತೆಗೆದು ಹೇಳಿಕೆ ಬರೆಯತೊಡಗಿದೆ. ಬರೆದು ಓದಿ ಹೇಳಿದೆ. ತಾತ ಒಂದು ಕಡೆ ತಿದ್ದಿಸಿದರು: 'ತಿಳಿಯದೆ' ಎಂದು ಬರೆದಿದ್ದೆ, 'ತಿಳಿದೂ' ಎಂದು ಮಾಡಿಸಿದರು. ಸಹಿ ಹಾಕಿದರು.

ಅಷ್ಟಕ್ಕೆ ಎದ್ದು ಬರಬೇಕಿತ್ತು. ಹೆಬ್ಬೆಟ್ಟಿತ್ತು, ಹೇಳಿಕೆಯಿತ್ತು, ಗಡಿಯಾರದಲ್ಲಿ ಇನ್ನೂ ಎರಡೂವರೆ. ಆದರೆ ಕರಡು ಮುಗಿಸಿದ ಮೇಲೂ ಕೊನೆಯ ಪುಟದ ಹಿಂಭಾಗ ತಿರುವಿ ನೋಡುವ ಕೆಟ್ಟ ಅಭ್ಯಾಸ ನನ್ನದು.

"ತಾತ, ಇನ್ನೇನಾದ್ರೂ ಉಳಿದಿದೆಯಾ? ನಾವು ಕೇಳದೆ ಬಿಟ್ಟಿದ್ದು?"

ಅವರು ವಾಷರ್ ತುಂಬಿದ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿದರು. ಕಪ್ಪು ರಬ್ಬರ್ ಉಂಗುರಗಳ ನಡುವೆ ಒಂದು ಹಿತ್ತಾಳೆ ಬಿಲ್ಲೆ. ಅಂಚು ಸವೆದಿತ್ತು. ಸಂಖ್ಯೆ ಸ್ಪಷ್ಟವಾಗಿತ್ತು.

ನಲವತ್ತಾರು.

"ಎಂಟನೇ ದಿನ ಬೆಳಿಗ್ಗೆ ದೀಪದ ಮನೆ ಬಾಗಿಲು ತೆಗೆದೆ," ಎಂದರು ದೀಪದ ತಾತ. "ಹದಿನಾರು ಮೊಳೆ ಖಾಲಿ. ಹದಿನೇಳನೇದ್ರಲ್ಲಿ ಇದು ನೇತಾಡ್ತಿತ್ತು."

* * *

ಕಂಡಕ್ಟರ್ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಇದು ತಾತನ ಕೊರಳಲ್ಲಿ ಕೆಳಗೆ ಹೋಗಿದ್ದು."

"ಹೌದು."

"ಹಾಗಾದ್ರೆ ಮೇಲೆ ಬಂದಿದ್ದು ಯಾರ ಕೈಲಿ?"

"ಆ ಹೊತ್ತಿಗೆ ಗಣಿ ಬಾಯಿ ಪೂರ್ತಿ ಮುಚ್ಚಿತ್ತು. ಉಳಿದಿದ್ದು ಗಾಳಿಬಾವಿ ಒಂದೇ. ಲೈನಿನ ಹಿಂದೆ, ಒಳಗೆ ಗಾಳಿ ಆಡ್ಲಿ ಅಂತ ಮೊದಲನೇ ಕಾಲದಲ್ಲಿ ತೋಡಿದ್ದು. ಗೋಡೆಗೆ ಕಬ್ಬಿಣದ ಮೆಟ್ಟಿಲು ಬಡಿದಿದ್ರು. ಅದೂ ಕುಸಿದಿದೆ ಅಂತ ಯಾರೂ ಆ ಕಡೆ ಹೋಗ್ಲಿಲ್ಲ."

ನಾನು ಮನಸ್ಸಿನಲ್ಲೇ ಜೋಡಿಸಿ ನೋಡಿದೆ. ಒಂದು, ಅವಳ ತಾತ ಗಾಳಿಬಾವಿಯಿಂದ ಜೀವಂತ ಹತ್ತಿ ಬಂದ. ಎರವಲು ತಂದದ್ದನ್ನು ಮೊಳೆಗೆ ಹಾಕಿ, ಬಸುರಿ ಹೆಂಡತಿಯ ಮುಖವನ್ನೂ ನೋಡದೆ ಹೊರಟುಹೋದ. ಆಗ ಊರು ಹೇಳಿದ್ದೇ ನಿಜ. ಎರಡು, ನಲವತ್ತಾರನೇ ಮನುಷ್ಯ ತನ್ನ ಬದಲು ಸತ್ತವನನ್ನು ಹುಡುಕಿ ಗಾಳಿಬಾವಿಗೆ ಇಳಿದ, ಹೆಣ ಕಂಡ, ಕೊರಳಿನ ಬಿಲ್ಲೆ ಬಿಚ್ಚಿ ತಂದು ಮೊಳೆಗೆ ಹಾಕಿದ. ಬಾಯಿ ಬಿಟ್ಟು ಹೇಳಲಾಗದ್ದನ್ನು ಹಾಗೆ ಹೇಳಿದ.

ಯಾವುದನ್ನೂ ಗಟ್ಟಿಯಾಗಿ ಹೇಳುವ ಧೈರ್ಯ ಬರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವಳ ಮುಖದಲ್ಲಿ ಎರಡೂ ಒಂದರ ಹಿಂದೊಂದು ಹಾದುಹೋದವು.

"ನೋಡಮ್ಮ," ಎಂದರು ತಾತ, ಮೆಲ್ಲಗೆ. "ಹೆಬ್ಬೆಟ್ಟು ಕೊಡು, ನನ್ನ ಕಾಗದ ಕೊಡು. ನಿಮ್ಮ ತಾತನ ಹೆಸರು ಕಲ್ಲಿಗೆ ಬೀಳುತ್ತೆ. ಬಿಲ್ಲೆ ವಿಷಯ ಐವತ್ತೆರಡು ವರ್ಷ ನುಂಗ್ಕೊಂಡಿದೀನಿ, ಇನ್ನೆರಡು ವರ್ಷ ನುಂಗ್ಕೋತೀನಿ. ಅಷ್ಟರೊಳಗೆ ನಾನೇ ಇರಲ್ಲ."

ಅವಳು ಬಿಲ್ಲೆಯನ್ನು ವಾಪಸು ಕೊಡಲಿಲ್ಲ.

ಹೊರಗೆ ಜಗಲಿಯ ಮೇಲೆ ಕೂತೆವು. "ಕ್ಷಮಿಸಿ," ಎಂದೆ. "ಆ ಕೊನೇ ಪ್ರಶ್ನೆ ಕೇಳಬಾರದಿತ್ತು."

"ಕೇಳಿದಾಗ ನಿಮ್ಮನ್ನ ನಡುದಾರೀಲಿ ಬಸ್ಸಿಂದ ಇಳಿಸಿಬಿಡೋಣ ಅನಿಸ್ತು ಸರ್," ಎಂದಳು. ನಗಲಿಲ್ಲ. ಫೋನ್ ತೆಗೆದು ತಾಯಿಗೆ ಹಚ್ಚಿದಳು. ಸ್ಪೀಕರ್ ಹಾಕಿದಳು. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು.

ಅವಳು ಎಲ್ಲವನ್ನೂ ಹೇಳಿದಳು. ಹೆಬ್ಬೆಟ್ಟಿನ ಮಾತಿಗೆ ಯಂತ್ರ ನಿಂತಿತು.

"ಅಮ್ಮಾ, ಹೆಬ್ಬೆಟ್ಟು ಒಂದೇ ಕೊಟ್ರೆ ಇವತ್ತೇ ಹೆಸರು ಕೆತ್ತುತಾರೆ. ಬಿಲ್ಲೆನೂ ಕೊಟ್ರೆ ಏನಾಗುತ್ತೋ ಗೊತ್ತಿಲ್ಲ. ನೀನೇ ಹೇಳು. ನಿನ್ನ ಅಪ್ಪ ಅವನು."

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದಾಯಿತು. "ನಾನು ಮೂವತ್ತು ವರ್ಷದಿಂದ ಹೊಲೀತಿದೀನಿ. ಅರ್ಧ ಹೊಲಿದ ಬಟ್ಟೇನ ಇಸ್ತ್ರಿ ಮಾಡಿ ಗಿರಾಕಿ ಕೈಗೆ ಕೊಟ್ಟಿದೀನೇನೇ?"

"ಇಲ್ಲ."

"ಓಡಿಹೋಗಿದ್ರೆ ಓಡಿಹೋದ ಅಂತಾನೇ ಗೊತ್ತಾಗ್ಲಿ. ಇಷ್ಟು ವರ್ಷ ಊರು ಹೇಳಿದ್ದು ಕೇಳ್ದೆ. ಇನ್ನು ನನ್ನ ಮಗಳು ಹೇಳಿದ್ದು ಕೇಳ್ತೀನಿ. ಆದ್ರೆ ಪೂರ್ತಿ ಹೇಳು." ಆಮೇಲೆ, "ಊಟ ಮಾಡಿದ್ಯಾ?" ಎಂದರು.

"ಆಯ್ತಮ್ಮ," ಎಂದು ಸುಳ್ಳು ಹೇಳಿ ಫೋನ್ ಇಟ್ಟಳು.

* * *

ಕಲ್ಲಿನ ಸಮಿತಿಗೆ ಶಾಲೆಯ ಚಿತ್ರಕಲೆ ಕೋಣೆ ಬಿಟ್ಟುಕೊಟ್ಟಿದ್ದರು. ಕಿಟಕಿಯಾಚೆ ಅಂಗಳದಲ್ಲಿ ಕಲ್ಲು ಮಲಗಿತ್ತು; ಕಲ್ಲುಕುಟಿಗ ಅದರ ಅಂಚು ನಯ ಮಾಡುತ್ತಿದ್ದ. ಉಳಿಯ ಸದ್ದು ಒಂದೇ ಸಮನೆ ಬರುತ್ತಿತ್ತು. ಗಂಟೆ ನಾಲ್ಕು ಇಪ್ಪತ್ತು.

ಮೇಷ್ಟ್ರು ಸೀಮೆಸುಣ್ಣದ ಕೈ ಒರೆಸಿಕೊಂಡು ಕುರ್ಚಿ ತೋರಿಸಿದರು. "ಬಾಮ್ಮ ಕಂಡಕ್ಟರ್. ಏನಾದ್ರೂ ಸಿಕ್ತಾ, ಇಲ್ಲ ನನ್ನನ್ನ ಬೈಯೋಕೆ ಬಂದ್ಯಾ?"

"ಸಿಕ್ಕಿದೆ ಮಾವ."

ಆ ಮನೆಯಿಂದ ಯಾರೂ ಅವರನ್ನು ಮಾವ ಎಂದು ಕರೆದಿರಲಿಲ್ಲ. ಅವಳು ಬೇಕೆಂದೇ ಕರೆದಳೋ, ಬಾಯಿಗೆ ಬಂತೋ ನನಗೆ ತಿಳಿಯಲಿಲ್ಲ.

ಅವಳ ಫೋಟೋದಿಂದ ಅಚ್ಚು ಹಾಕಿಸಿಕೊಂಡ ಪುಟದ ಪ್ರತಿಯನ್ನು ನಾನು ಮೇಜಿನ ಮೇಲಿಟ್ಟೆ. ಮೊದಲು ಯಾವ ಮಾತಿನಿಂದ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಬೇಕಾಗಲಿಲ್ಲ. ಮೇಷ್ಟ್ರು ಕನ್ನಡಕ ಏರಿಸಿ ನಲವತ್ತಾರರ ಸಾಲು ನೋಡಿದರು, ಹುಬ್ಬು ಗಂಟಿಕ್ಕಿದರು.

"ಇದು ನಮ್ಮಪ್ಪಂದಲ್ಲ. ಯಾವುದೋ ತಪ್ಪು ಪುಟ ತಂದಿದೀರ. ಆ ಲೈನಿಗೆಲ್ಲ ಸಹಿ ಹಾಕ್ತಿದ್ದೋನು ನಮ್ಮಪ್ಪ ಒಬ್ಬನೇ. ಉಳಿದೋರಿಗೆ ಕಾಗದ ಓದಿ ಹೇಳ್ತಿದ್ದ. ಪ್ರತಿ ವರ್ಷ ಮಕ್ಕಳಿಗೆ ಹೇಳ್ತೀನಿ, ನಮ್ಮಪ್ಪ ಜೀವಮಾನದಲ್ಲಿ ಒಂದು ದಿನಾನೂ ಹೆಬ್ಬೆಟ್ಟು..."

ಮಾತು ಅಲ್ಲೇ ನಿಂತಿತು.

"ಹೌದು ಮಾವ," ಎಂದಳು ಕಂಡಕ್ಟರ್. "ಅದು ನಮ್ಮ ತಾತಂದು."

ಅವಳು ಮನೆಯ ಪತ್ರವನ್ನು ಪಕ್ಕದಲ್ಲಿಟ್ಟಳು. ನಾನು ದೀಪದ ತಾತನ ಹೇಳಿಕೆ ಇಟ್ಟೆ. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಎರಡನೇ ಸಲ ತುಟಿ ಅಲ್ಲಾಡುತ್ತಿತ್ತು, ಒಂದನೇ ತರಗತಿಯ ಮಗುವಿನ ಹಾಗೆ.

"ನಾನು ಹುಟ್ಟಿದ ದಿನಾನೇ ನಮ್ಮಪ್ಪ ಸತ್ತ," ಎಂದರು. "ಅದನ್ನ ಹೇಗೋ ನುಂಗ್ಕೊಂಡು ಬದುಕಿದೀನಿ. ಈಗ ನೀನು ಬಂದು ಅವನ್ನ ಬದುಕಿಸಿ, ಓಡಿಸ್ತಿದೀಯಾ?"

"ನಿಮಗೆ ನೋವಾಗುತ್ತೆ ಅಂತ ಗೊತ್ತು."

"ನಿನಗೇನು ಗೊತ್ತು? ಮೂರು ವರ್ಷ ಓಡಾಡಿ ಈ ಕಲ್ಲು ಮಾಡಿಸಿದೀನಿ. ಯಾತಕ್ಕೆ? ನಮ್ಮಪ್ಪನಿಗೆ ಕೂರೋಕೆ ಒಂದು ಜಾಗ ಆಗ್ಲಿ ಅಂತ! ಓಡಿಹೋದವನ ಮಗ ಅನ್ನಿಸ್ಕೊಳ್ಳೋಕಾ?"

"ನಮ್ಮಮ್ಮ ಅನ್ನಿಸ್ಕೊಂಡಿದಾರಲ್ಲ ಮಾವ. ನಿಮಗಿಂತ ಎರಡು ತಿಂಗಳಿಗೆ ಚಿಕ್ಕೋರು."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಆಗ ಅವಳು ಬಿಲ್ಲೆಯನ್ನು ಕಾಗದಗಳ ಮೇಲಿಟ್ಟಳು. ಅದು ಯಾವಾಗ, ಎಲ್ಲಿ ಸಿಕ್ಕಿತು ಎಂಬುದನ್ನು ಒಂದು ಮಾತೂ ಬಿಡದೆ ಹೇಳಿದಳು. ತನ್ನ ತಾತ ಬದುಕಿ ಬಂದಿದ್ದರೂ ಬಂದಿರಬಹುದು ಎಂಬುದನ್ನೂ ಅವಳೇ ಹೇಳಿದಳು.

"ಹಾಗಾದ್ರೆ ನಿನ್ನ ತಾತ ಸತ್ತನೋ, ಇಲ್ವೋ?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದನ್ನ ಕಲ್ಲಿನ ಮೇಲೆ ಕೆತ್ತೋಕಾಗಲ್ಲಮ್ಮ. ಇದು ಪುರಾವೆ ಅಲ್ಲ."

"ಸರಿ. ನಿಮ್ಮಪ್ಪ ಸತ್ತಿದ್ದಕ್ಕೆ ಏನಿದೆ?"

ಮೇಷ್ಟ್ರು ಪುಟದ ಪ್ರತಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

"ನನಗೆ ಹೆಸರು ಬೇಡ ಮಾವ, ಇವತ್ತು ಬೇಡ," ಎಂದಳು ಅವಳು. "ಶುಕ್ರವಾರದ ಕಾಂಕ್ರೀಟ್ ನಿಲ್ಲಿಸಿ. ಗಾಳಿಬಾವಿಗೂ ಅವತ್ತೇ ಸುರೀತಾರಂತೆ. ಸುರಿದ ಮೇಲೆ ನಾನು ಯಾರನ್ನ ಕೇಳ್ಲಿ? ನೀವು ಯಾರನ್ನ ಕೇಳ್ತೀರ?"

ಸಮಿತಿಯ ನಿಯಮ ನನಗೆ ಬಾಯಿಪಾಠವಾಗಿತ್ತು. ಹೆಣ ಸಿಗದ ಆರು ಮನೆಗಳವರಲ್ಲಿ ಯಾರಾದರೊಬ್ಬರು ಬರೆದುಕೊಟ್ಟರೆ ಕೆಲಸವನ್ನು ಹತ್ತು ದಿನ ತಡೆಯಬಹುದು. ಕಂಡಕ್ಟರ್‌ನ ಮನೆ ಆ ಆರರಲ್ಲಿ ಇರಲಿಲ್ಲ. ಮೇಷ್ಟ್ರ ಮನೆ ಇತ್ತು. ಅದನ್ನು ನೆನಪಿಸಬೇಕೆಂದು ಗಂಟಲು ಸರಿ ಮಾಡಿಕೊಂಡೆ. ಮೇಷ್ಟ್ರು ಕೈ ಎತ್ತಿ ತಡೆದರು.

"ನಿಯಮ ಬರೆದೋನು ನಾನೇ," ಎಂದರು.

ಐದಕ್ಕೆ ಇನ್ನು ಐದು ನಿಮಿಷ. ಕಲ್ಲುಕುಟಿಗ ಬಾಗಿಲಲ್ಲಿ ಬಂದು ನಿಂತ. "ಮೇಷ್ಟ್ರೇ, ಇನ್ನೊಂದು ಹೆಸರು ಇದೆಯಾ, ಇಲ್ಲ ಉಳಿ ಕಟ್ಟಲಾ?"

ಮೇಷ್ಟ್ರು ಬಿಲ್ಲೆಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸಂಖ್ಯೆಯನ್ನು ಉಜ್ಜಿದರು. ಉಜ್ಜುತ್ತಲೇ, ನಮ್ಮಿಬ್ಬರನ್ನೂ ನೋಡದೆ, ಬೇರೆ ಯಾರಿಗೋ ಹೇಳುವವರಂತೆ ಮಾತಾಡಿದರು.

"ಚಿಕ್ಕವನಿದ್ದಾಗ ಎಲ್ಲಿ ಬೇಕಾದ್ರೂ ಆಡೋಕೆ ಬಿಡೋಳು ನಮ್ಮಮ್ಮ. ಗಣಿ ಬಾಯಿ ಹತ್ರ ಹೋದ್ರೂ ಬೈತಿರಲಿಲ್ಲ. ಗಾಳಿಬಾವಿ ಕಡೆ ಕಾಲಿಟ್ರೆ ಮಾತ್ರ ಬರೆ ಬರೋ ಹಾಗೆ ಹೊಡೆಯೋಳು. 'ಅಲ್ಲಿ ನಿಮ್ಮಪ್ಪ ಇದಾನೆ, ತುಳೀಬೇಡ' ಅನ್ನೋಳು. ಎಲ್ಲಾ ಒಂದೇ ಗಣಿ ಅಲ್ವಾ, ಅದಕ್ಕೆ ಹಾಗಂತಾಳೆ ಅನ್ಕೊಂಡಿದ್ದೆ."

"ಗಣಿ ಬಾಯೀಲಿ ಇದಾನೆ ಅನ್ನಲಿಲ್ಲ," ಎಂದರು ಮೇಷ್ಟ್ರು. "ಒಂದು ಸಲಾನೂ ಅನ್ನಲಿಲ್ಲ."

ಅವರು ಡ್ರಾಯರ್ ಎಳೆದು ಬಿಳಿ ಹಾಳೆ ತೆಗೆದರು. ನಿಂತೇ ಬರೆದರು. ಹತ್ತು ದಿನ ಕೆಲಸ ನಿಲ್ಲಿಸಬೇಕು. ಬಿಲ್ಲೆ ನಲವತ್ತಾರರ ವಾರಸುದಾರನಾಗಿ ಕೇಳುತ್ತಿದ್ದೇನೆ. ಸಹಿ ಹಾಕುವಾಗ ಪೆನ್ನು ಹಾಳೆಯನ್ನು ಹರಿಯಿತು. ಕಲ್ಲುಕುಟಿಗನಿಗೆ, "ಉಳಿ ಕಟ್ಟು. ನಾಲ್ಕನೇ ಹೆಸರಿನ ಮೇಲೆ ಒಂದು ಬಟ್ಟೆ ಹಾಕು," ಎಂದರು.

"ಗಾಳಿಬಾವಿಗೆ ಯಾರು ಇಳೀತಾರೆ?" ಎಂದು ಕೇಳಿದೆ. ಯಾರೂ ಹೇಳದಿದ್ದರೆ ನಾನೇ ಹೇಳಬೇಕಾಗುತ್ತದೆಂಬ ಭಯ ನನಗಿತ್ತು.

"ನಾನು," ಎಂದರು ಮೇಷ್ಟ್ರು.

"ನಿಮ್ಮ ಮಂಡಿ ನೋಡಿದ್ರೆ ಬಸ್ಸಿನ ಮೆಟ್ಟಿಲು ಹತ್ತೋಕೂ ಕೈ ಕೊಡಬೇಕು ಮಾವ," ಎಂದಳು ಕಂಡಕ್ಟರ್. "ಮೊದಲು ನಾನು. ನೀವು ಹಿಂದೆ ಬನ್ನಿ."

ಈ ಸಲ ಅವರು ಬೇಡವೆನ್ನಲಿಲ್ಲ. ಬಿಲ್ಲೆಯನ್ನು ಅವಳ ಕೈಗೇ ಕೊಟ್ಟರು.

ಅವರಿಬ್ಬರೂ ಗಾಳಿಬಾವಿಗೆ ಇಳಿಯುವ ಮೊದಲೇ ಇದನ್ನು ಬರೆದಿಡುತ್ತಿದ್ದೇನೆ; ಇಲ್ಲಿಯವರೆಗೆ ನಡೆದದ್ದು ಇಷ್ಟು. ಮೊಳೆಗೆ ಬಿಲ್ಲೆ ಹಾಕಿದ ಕೈ ಯಾರದೆಂದು ನನಗೆ ಗೊತ್ತಿಲ್ಲ. ಅಕ್ಕನಿಗೆ, ಅಂದರೆ ಮೇಷ್ಟ್ರ ತಾಯಿಗೆ, ಏನು ಗೊತ್ತಿತ್ತು, ಗೊತ್ತಿದ್ದೂ ತಂಗಿಯ ಮುಖ ಯಾಕೆ ನೋಡಲಿಲ್ಲ ಎಂಬುದೂ ಗೊತ್ತಿಲ್ಲ. ಗಾಳಿಬಾವಿಯ ತಳದಲ್ಲಿ ಒಬ್ಬರಿದ್ದಾರೋ, ಇಬ್ಬರಿದ್ದಾರೋ, ಯಾರೂ ಇಲ್ಲವೋ, ಅದನ್ನೂ ನಾನು ಹೇಳಲಾರೆ.